‘ಕ್ಯಾರೆಕ್ಟರ್’ ಅಂದರೆ ಅಕ್ಷರವೇ?

ಎಲ್ಲರಿಗೂ ಕಲಬುರಗಿಯಿಂದ ನಮಸ್ಕಾರ. ಕಂಪ್ಯೂಟರಿನವರ ‘ಕ್ಯಾರೆಕ್ಟರ್’ಗೆ ಕನ್ನಡದಲ್ಲಿ ಏನನ್ನಬೇಕು ಅನ್ನೋದು ಕೆಲವು ದಿನಗಳಿಂದ ಕಾಡುತ್ತಿದೆ.

ಇಲ್ಲಿನ ತೊಗರಿ ಅಡತಿ ಅಂಗಡಿಯೊಂದಕ್ಕೆ ತೂಕದ ಚೀಟಿ ಅಚ್ಚು ಹಾಕಲು ಪರ್ಲ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಣ್ಣ ಪ್ರೋಗ್ರಾಂ ಬರೆದಿದ್ದೆ. ಚೀಟಿಯಲ್ಲಿ ಜಾಗ ಕಡಿಮೆ. ಅದಕ್ಕೆ ಹೆಸರನ್ನು 20ಕ್ಕೆ ಕತ್ತರಿಸು ಅಂತ ಹಾಕಿದ್ದೆ. ಮೊದಲ ಚೀಟಿಯಲ್ಲೇ ‘ಶರಣಬಸಪ್ಪ’ ಹೋಗಿ ‘ಶರಣಬಸಪ’ ಆಗಿ, ಬಾಲಕ್ಕೊಂದು ಪ್ರಶ್ನಾರ್ಥಕ ಚಿಹ್ನೆ ಅಂಟಿಕೊಂಡಿತ್ತು. ಸಾಹುಕಾರರು ಚೀಟಿ ನೋಡಿ, “ಆರ ಅಕ್ಷರದ ಹೆಸರ್ರೀ ಅದು, ಅದೂ ಹಿಡ್ಸಂಗಿಲ್ಲೇನು?” ಅಂದರು.

ಅವರ ಲೆಕ್ಕ ಸರಿ. ಶ, ರ, ಣ, ಬ, ಸ, ಪ್ಪ: ಆರೇ. ಆದರೆ ಪರ್ಲ್‌ನ ‘ಲೆಂತ್’ (ಉದ್ದ ಹೇಳುವ ಆಜ್ಞೆ) 24 ಅನ್ನುತ್ತದೆ. ಅದು ಎಣಿಸಿದ್ದು ಬೈಟುಗಳನ್ನು, ಅಂದರೆ ಕಂಪ್ಯೂಟರ್ ಬರಹವನ್ನು ಇಟ್ಟುಕೊಳ್ಳುವ ಚಿಕ್ಕ ತುಂಡುಗಳನ್ನು. ಯುಟಿಎಫ್-8 ಅನ್ನೋ ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, ಅದಕ್ಕೇ 20ರಲ್ಲಿ ಹೆಸರು ಹಿಡಿಸಲಿಲ್ಲ. ಡಿಕೋಡ್ ಮಾಡಿ, ಅಂದರೆ ಬೈಟುಗಳನ್ನು ಮತ್ತೆ ಚಿಹ್ನೆಗಳಾಗಿ ಓದಿಸಿ ಕೇಳಿದರೆ 8 ಅನ್ನುತ್ತದೆ, ಯಾಕೆಂದರೆ ‘ಪ್ಪ’ದ ಒಳಗೆ ಪ, ಅರ್ಧಾಕ್ಷರ ಮಾಡುವ ‘್’ ಚಿಹ್ನೆ, ಇನ್ನೊಂದು ಪ ಹೀಗೆ ಮೂರು ಇವೆ. ರೆಜೆಕ್ಸ್ (ಬರಹದಲ್ಲಿ ಮಾದರಿ ಹುಡುಕುವ ಸೂತ್ರ) ಕೊಡುವ ‘ಬ್ಯಾಕ್‌ಸ್ಲ್ಯಾಶ್ ದೊಡ್ಡ ಎಕ್ಸ್’ ಬಳಸಿದರೆ ಗುಣಿತವೇನೋ ಒಡೆಯುವುದಿಲ್ಲ, ಒತ್ತು ಮಾತ್ರ ಒಡೆಯುತ್ತದೆ. ಪ್ ಬೇರೆ, ಪ ಬೇರೆ. ನನ್ನ ಮಷೀನಿನಲ್ಲಿ 7 ಬಂತು. ಒಂದು ಹೆಸರಿಗೆ ನಾಲ್ಕು ಉದ್ದ!

ನಮ್ಮೂರಿನ ಹೆಸರನ್ನೇ ನೋಡಿ. 2014ರವರೆಗೆ ಕಾಗದದಲ್ಲಿ ‘ಗುಲ್ಬರ್ಗಾ’, ಆಮೇಲೆ ‘ಕಲಬುರಗಿ’. ಡಿಕೋಡ್ ಮಾಡಿ ಎಣಿಸಿದರೆ ಹಳೆಯದು 9, ಹೊಸದು 7. ಬೆರಳು ಮಡಚಿ ಎಣಿಸಿದರೆ ಹಳೆಯದು 3, ಹೊಸದು 5. ಯಾವುದು ಉದ್ದ ಹೇಳಿ? ತಮಾಷೆ ಅಂದರೆ ‘ಅಕ್ಷರ’ ಅನ್ನೋ ಪದಕ್ಕೇ ಮಷೀನ್ 5 ಅನ್ನುತ್ತದೆ, ನಾವು 3 ಅನ್ನುತ್ತೇವೆ.

ಇಷ್ಟಾದರೂ ‘ಕ್ಯಾರೆಕ್ಟರ್’ ಬಂದಲ್ಲೆಲ್ಲ ಕಣ್ಣು ಮುಚ್ಚಿ ‘ಅಕ್ಷರ’ ಅಂತ ಬರೆದುಬಿಡುತ್ತೇವೆ. ‘ಕನಿಷ್ಠ 8 ಅಕ್ಷರಗಳ ಪಾಸ್‌ವರ್ಡ್’ ಅನ್ನುವಾಗ ಪರವಾಗಿಲ್ಲ, ಅಲ್ಲಿ ಟೈಪ್ ಮಾಡೋದು ಹೆಚ್ಚಾಗಿ ಇಂಗ್ಲಿಷೇ. ಹುಡುಗರಿಗೆ ಪರ್ಲ್ ಕಲಿಸುವಾಗ ‘ಲೆಂತ್ ಅಕ್ಷರ ಎಣಿಸುತ್ತದೆ’ ಅಂದರೆ ಮಾತ್ರ ಸುಳ್ಳು ಹೇಳಿದ ಹಾಗೆ.

ನನಗೆ ಹೊಳೆದದ್ದು ‘ಮೊಳೆ’. ಹಳೆ ಪ್ರೆಸ್ಸುಗಳಲ್ಲಿ ಮೊಳೆ, ಅಂದರೆ ಅಕ್ಷರದ ಬಿಡಿ ಅಚ್ಚು, ಜೋಡಿಸಿಯೇ ಅಲ್ವಾ ಪುಟ ಕಟ್ಟುತ್ತಿದ್ದದ್ದು? ‘ಶರಣಬಸಪ್ಪದಲ್ಲಿ 8 ಮೊಳೆ, 6 ಅಕ್ಷರ’ ಅಂದರೆ ತಕ್ಷಣ ಅರ್ಥವಾಗುತ್ತದೆ. ತೊಡಕೂ ಇದೆ. ಅಚ್ಚುಮೊಳೆಯಲ್ಲಿ ‘ಕಿ’ ಒಂದೇ ತುಂಡಾಗಿ ಇರುತ್ತಿತ್ತು, ಯೂನಿಕೋಡ್‌ನಲ್ಲಿ ಎರಡು. ಮೇಲಾಗಿ ಈಗಿನ ಹುಡುಗರಿಗೆ ಮೊಳೆ ಅಂದರೆ ಗೋಡೆಗೆ ಹೊಡೆಯೋದು. ‘ಸಂಕೇತ’ ಅನ್ನೋಣ ಅಂದರೆ ಅದನ್ನು ಆಗಲೇ ಹತ್ತು ಕಡೆ ಬಳಸಿ ಸವೆಸಿದ್ದೇವೆ.

ಆ 7ರ ಲೆಕ್ಕದ ತುಂಡಿಗೆ, ಅಂದರೆ ಬಿಡಿಯಾಗಿ ನಿಂತ ‘ಪ್’ ಥರದ್ದಕ್ಕೆ, ನನ್ನ ಹತ್ತಿರ ಹೆಸರೇ ಇಲ್ಲ. ಡಿಟಿಪಿ ಮಾಡುವವರು, ಮೊಳೆ ಜೋಡಿಸಿದ ಹಿರಿಯರು ಯಾರಾದರೂ ಇದ್ದರೆ ನೀವು ಏನನ್ನುತ್ತಿದ್ದಿರಿ ಹೇಳಿ. ಹಾಗೆಯೇ ಇನ್ನೊಂದು: ‘ಬೀದರ್’ ಎಣಿಸುವಾಗ ಕೊನೆಯ ‘ರ್’ ಅನ್ನು ಅಕ್ಷರ ಅಂತ ಹಿಡಿಯುತ್ತೀರೋ, ಬಿಡುತ್ತೀರೋ?