ಗಣಿತ, ಇಂಗ್ಲಿಷ್, ಫ್ರೆಂಚ್ ಮೂರಕ್ಕೂ ಒಬ್ಬರೇ ಶಿಕ್ಷಕಿ ಸಾಕೇ?

ಪ್ರಶ್ನೆ (ತಾಯಿ, ಟಿಳಕವಾಡಿ, ಬೆಳಗಾವಿ): ಒಂಬತ್ತನೆಯ ತರಗತಿಯ ನನ್ನ ಮಗಳಿಗೆ ಗಣಿತ, ಇಂಗ್ಲಿಷ್‌ಗಳ ಜೊತೆಗೆ ಫ್ರೆಂಚನ್ನೂ ಹೇಳಿಕೊಡಲು ಒಬ್ಬರೇ ಶಿಕ್ಷಕಿ ಒಪ್ಪಿದ್ದಾರೆ, ಇದು ಅವಳಿಗೆ ಹೊರೆಯಾದೀತೇ ಎಂಬ ಚಿಂತೆ ನನ್ನದು.

ಉತ್ತರ (ವಿಜಯಪುರ): ಹೊರೆಯಾಗದು, ಅಕ್ಕನವರೇ. ಫ್ರಾನ್ಸಿನಲ್ಲಿ 70ಕ್ಕೆ ‘ಅರವತ್ತು ಹತ್ತು’, 80ಕ್ಕೆ ‘ನಾಲ್ಕು ಇಪ್ಪತ್ತು’, 99ಕ್ಕೆ ‘ನಾಲ್ಕು ಇಪ್ಪತ್ತು ಹತ್ತು ಒಂಬತ್ತು’ ಎನ್ನುವುದರಿಂದ, ಎಣಿಕೆ ಕಲಿಯುವಾಗಲೇ ಕೂಡುವುದೂ ಗುಣಿಸುವುದೂ ಆಗುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಇದು ಬಹಳ ಇಷ್ಟ.

ಉತ್ತರ (ಬಾಗಲಕೋಟೆ): ಒಂದು ಎಚ್ಚರಿಕೆ ಇರಲಿ. ಅಲ್ಲಿ ದಶಮಾಂಶಕ್ಕೆ ಚುಕ್ಕೆಯ ಬದಲು ಅಲ್ಪವಿರಾಮ ಬಳಸಿ 3.5 ಅನ್ನು 3,5 ಎಂದು ಬರೆಯುತ್ತಾರೆ. ಇಂಗ್ಲಿಷಿನ ‘ಟೇಬಲ್’ ಪದವನ್ನು ಅದೇ ಅಕ್ಷರಗಳಲ್ಲಿ ಬರೆದು ‘ತಾಬ್ಲ್’ ಎಂದು ಓದುತ್ತಾರೆ. ಆದ್ದರಿಂದ ಎರಡು ಭಾಷೆಗಳನ್ನು ಬೇರೆ ಬೇರೆ ದಿನ ಕಲಿಸಲಿ, ಗಣಿತ ಮಾತ್ರ ದಿನವೂ ನಡೆಯಲಿ.

ತಾಯಿ: ಧನ್ಯವಾದಗಳು, ಸೋಮವಾರದಿಂದಲೇ ಹಾಗೆ ಆರಂಭಿಸುತ್ತೇವೆ.