ಜರ್ಮನ್‌ನ ‘ವೇರ್ಡನ್’ ಮತ್ತು ನಮ್ಮ ‘ಆಗು’

ಗೆಳೆಯರೇ,

ಜರ್ಮನ್ ಕಲಿಯುವ ಕನ್ನಡಿಗರಿಗೆ ‘ವೇರ್ಡನ್’ (ಆಗು) ಕ್ರಿಯಾಪದವನ್ನು ನಮ್ಮ ‘ಆಗು’ ಬಿಟ್ಟು ಇಂಗ್ಲಿಷಿನ ಮೂಲಕ ಹೇಳಿಕೊಡುವುದು ಸುತ್ತುದಾರಿ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ‘ಬಿಕಮ್’ನ ಸದ್ದು ನಂಬಿ ‘ಬೆಕೊಮೆನ್’ ಬಳಸಿದರಂತೂ ಅರ್ಥವೇ ಕೆಟ್ಟಿತು. ಅದು ‘ಸಿಗು, ಪಡೆ’ ಎಂಬ ಬೇರೆ ಮಾತು.

ರೂಪಗಳನ್ನು ಬಾಯಿಪಾಠ ಮಾಡದೆ ಗತಿಯಿಲ್ಲ: ಇಷ್ ವೇರ್ಡೆ (ನಾನು), ಡೂ ವಿರ್ಸ್ಟ್ (ನೀನು), ಏರ್ ವಿರ್ಟ್ (ಅವನು). ಬಹುವಚನದಲ್ಲಿ ವೇರ್ಡನ್, ವೇರ್ಡೆಟ್, ವೇರ್ಡನ್. ಭೂತಕಾಲಕ್ಕೆ ‘ವುರ್ಡೆ’. ಹಳೆಯ ರೂಪ ‘ವರ್ಟ್’ ಲೂಥರ್ ಜರ್ಮನ್‌ಗೆ ಅನುವಾದಿಸಿದ ಬೈಬಲಿನಲ್ಲಿದೆ: ‘ಉಂಟ್ ಎಸ್ ವರ್ಟ್ ಲಿಷ್ಟ್’. ಕನ್ನಡ ಬೈಬಲಿನಲ್ಲಿ ಅದೇ ಜಾಗದಲ್ಲಿ ‘ಬೆಳಕಾಯಿತು’ ಎಂದಿದೆ. ನೋಡಿ, ‘ಆಗು’ ಎಷ್ಟು ಸಲೀಸಾಗಿ ಕೂತಿದೆ!

‘ಮಿಯರ್ ವಿರ್ಟ್ ಕಲ್ಟ್’ ಅಂದರೆ ‘ನನಗೆ ಚಳಿಯಾಗ್ತಿದೆ’. ‘ಮಿಯರ್’ ಎಂದರೆ ‘ನನಗೆ’, ನಮ್ಮ ಹಾಗೆಯೇ ಚತುರ್ಥಿ. ಇಂಗ್ಲಿಷಿನ ಜಾಡು ಹಿಡಿದವರು ‘ಇಷ್ ಬಿನ್ ಕಲ್ಟ್’ ಅಂದುಬಿಡುತ್ತಾರೆ. ಜರ್ಮನರ ಕಿವಿಗೆ ಅದು ‘ನಾನು ಪ್ರೀತಿ ವಿಶ್ವಾಸ ಇಲ್ಲದವನು’ ಎಂಬಂತೆ ಕೇಳಬಹುದು. ಕರ್ಮಣಿಯಲ್ಲೂ ಹೀಗೆಯೇ. ‘ಡಾಸ್ ಹೌಸ್ ವಿರ್ಟ್ ಗೆಬೌಟ್’: ಮನೆ ಕಟ್ಟಲಾಗುತ್ತಿದೆ. ‘ವುರ್ಡೆ ಗೆಬೌಟ್’: ಕಟ್ಟಲಾಯಿತು. ಎರಡರಲ್ಲೂ ‘ಆಗು’ ಇದ್ದೇ ಇದೆ.

‘ವೇರ್ಡನ್’ ಭವಿಷ್ಯತ್ಕಾಲ ಹೇಳಲೂ ಬರುತ್ತದೆ. ಅಲ್ಲಿ ‘ಆಗು’ ಕೈಕೊಡುತ್ತದೆ, ಆದರೆ ಕನ್ನಡ ಕೈಕೊಡುವುದಿಲ್ಲ. ಸಮಯ ಸೂಚಿಸುವ ಪದವಿದ್ದರೆ ಜರ್ಮನರು ಹೆಚ್ಚಾಗಿ ವರ್ತಮಾನದಲ್ಲೇ ಮುಗಿಸುತ್ತಾರೆ: ‘ಇಷ್ ಕೊಮೆ ಮೊರ್ಗನ್’, ನಾಳೆ ಬರ್ತೀನಿ. ‘ವೇರ್ಡನ್’ ಸೇರಿಸಿದಾಗ ಎಷ್ಟೋ ಸಲ ಊಹೆಯ ಛಾಯೆ ಬರುತ್ತದೆ. ‘ಏರ್ ವಿರ್ಟ್ ಶೋನ್ ಕೊಮೆನ್’ ಎಂಬುದಕ್ಕೆ ‘ಬಂದಾನು ಬಿಡಿ’ ಎಂಬುದಕ್ಕಿಂತ ಒಳ್ಳೆಯ ಅನುವಾದ ನನಗೆ ಹೊಳೆದಿಲ್ಲ. ನಮ್ಮ ಸಂಭಾವನಾರ್ಥಕ ರೂಪವನ್ನು ಪಾಠದಲ್ಲಿ ಏಕೆ ಬಳಸಿಕೊಳ್ಳಬಾರದು?

ಹಾಗೆಂದು ಎಲ್ಲ ‘ಆಗು’ವನ್ನೂ ‘ವೇರ್ಡನ್’ ಮಾಡಲಾಗದು. ‘ನನ್ನಿಂದ ಆಗಲ್ಲ’ ಎಂಬಲ್ಲಿ ‘ಕ್ಯೋನ್ನೆನ್’ (ಸಾಧ್ಯವಾಗು) ಬೇಕು.

ಈಗ ನನ್ನ ಪ್ರಶ್ನೆ. ಪೂರ್ಣಗೊಂಡ ಕ್ರಿಯೆಗೆ ‘ವೇರ್ಡನ್’ನ ರೂಪ ಎರಡು. ಅವಳು ಡಾಕ್ಟರಾಗಿದ್ದಾಳೆ ಎನ್ನುವಾಗ ‘ಗೆವೊರ್ಡನ್’, ಕರ್ಮಣಿಯಲ್ಲಿ ‘ಗೆ’ ಕಳಚಿದ ‘ವೊರ್ಡನ್’. ‘ಡೀ ಟ್ಯೂರ್ ಇಸ್ಟ್ ಗೆಶ್ಲೋಸನ್ ವೊರ್ಡನ್’ ಅಂದರೆ ಯಾರೋ ಬಾಗಿಲು ಮುಚ್ಚಿದ ಕ್ರಿಯೆ. ‘ವೊರ್ಡನ್’ ಬಿಟ್ಟರೆ ಬಾಗಿಲು ಮುಚ್ಚಿರುವ ಸ್ಥಿತಿ ಮಾತ್ರ. ಮೊದಲನೆಯದಕ್ಕೆ ‘ಮುಚ್ಚಲಾಗಿದೆ’, ಎರಡನೆಯದಕ್ಕೆ ‘ಮುಚ್ಚಿದೆ’ ಎಂದು ಬರೆಯುತ್ತಿದ್ದೇನೆ. ಆದರೆ ‘ಮುಚ್ಚಲಾಗಿದೆ’ ಎಂಬ ಫಲಕ ಓದುವವರಿಗೆ ಸ್ಥಿತಿಯೂ ಅದರಲ್ಲೇ ತಿಳಿಯುತ್ತದೆ. ಆಡುಮಾತಿನಲ್ಲಂತೂ ‘ಬಾಗಿಲು ಹಾಕಿದಾರೆ’, ‘ಹಾಕಿದೆ’ ಎರಡೂ ನಡೆಯುತ್ತವೆ. ಈ ಭೇದ ಕಾಣಿಸುವ, ಬಾಯಲ್ಲಿ ಆಡಬಹುದಾದ ರೂಪ ನಿಮ್ಮ ಕಡೆ ಇದೆಯೇ? ಧಾರವಾಡ, ಮಂಗಳೂರು ಕಡೆಯವರು ಹೇಗೆ ಹೇಳುತ್ತೀರಿ, ಉದಾಹರಣೆ ಸಮೇತ ತಿಳಿಸಿ.