ಡಿವಿಡೆಂಡ್ ನೋಡಿದೆ ಸರಿ, ಸಾಲದ ಪಟ್ಟಿ ನೋಡಿದೆಯಾ?

ರಘು: 📎 ನಮ್ಮ ಅಮೆರಿಕದ ಮಾರ್ಟ್‌ಗೇಜ್ ರೀಟ್‌ನ (ರಿಯಲ್ ಎಸ್ಟೇಟ್ ಟ್ರಸ್ಟ್) ಕ್ವಾರ್ಟರ್ ರಿಸಲ್ಟ್. ಡಿಸ್ಟ್ರಿಬ್ಯೂಟಬಲ್ ಅರ್ನಿಂಗ್ಸ್ (ಹಂಚಬಹುದಾದ ಗಳಿಕೆ ಅಂತ ಕಂಪನಿಯೇ ಹಾಕುವ ಲೆಕ್ಕ) ಡಿವಿಡೆಂಡ್‌ಗಿಂತ ಜಾಸ್ತಿ ಇದೆ. ಹೋದ ತಿಂಗಳು ನಕ್ಕವರೆಲ್ಲ ನೋಡಿ!

ಸವಿತಾ: ಇದು ಪ್ರೆಸ್ ರಿಲೀಸ್ ಕಣೋ. 8-ಕೆ ಅನ್ನುವ ಮುಖ್ಯ ಸುದ್ದಿಯ ಫಾರಂ ಜೊತೆ ಲಗತ್ತಿಸಿದ್ದು. 10-ಕ್ಯೂ, ಅಂದರೆ ಪೂರ್ತಿ ಕ್ವಾರ್ಟರ್ ವರದಿ, ಓದಿದೆಯಾ?

ರಘು: ಎರಡೂ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿಗೆ ಕೊಟ್ಟಿದ್ದೇ ಅಲ್ವಾ?

ಸವಿತಾ: ಹೌದು. ಆದರೆ ಪ್ರೆಸ್ ರಿಲೀಸಲ್ಲಿ ಚೆಂದ ಕಾಣುವುದು ಮೇಲೆ ಬರುತ್ತದೆ. ಸಾಲಗಳ ಪೂರ್ತಿ ಕಥೆ 10-ಕ್ಯೂ ಟಿಪ್ಪಣಿಗಳಲ್ಲಿದೆ. ಎಸ್‌ಇಸಿಯ ವೆಬ್‌ಸೈಟ್ ಎಡ್ಗರ್‌ನಲ್ಲಿ ಪುಕ್ಕಟೆ ಸಿಗುತ್ತದೆ.

ನಾಗರಾಜ: ತಡಿ. ರೀಟ್ ಅಂದರೆ ಬಾಡಿಗೆ ಅಲ್ವಾ? ಸಾಲ ಎಲ್ಲಿಂದ ಬಂತು?

ಸವಿತಾ: ಇದು ಕಟ್ಟಡದ ಮಾಲೀಕರಿಗೆ ಸಾಲ ಕೊಡುವ ಜಾತಿಯದು. ತಾನೂ ಸಾಲ ತಂದೇ ಕೊಡುತ್ತದೆ. ನಡುವಿನ ಬಡ್ಡಿಯೇ ಗಳಿಕೆ.

ರಘು: ತೆರಿಗೆ ಲೆಕ್ಕದ ಆದಾಯದಲ್ಲಿ 90 ಪರ್ಸೆಂಟ್ ಹಂಚಲೇಬೇಕು. ಕಾನೂನೇ ಇದೆ.

ನಾಗರಾಜ: ಸೊನ್ನೆಯಲ್ಲಿ 90 ಪರ್ಸೆಂಟ್ ಎಷ್ಟಪ್ಪಾ? 😄

ಸವಿತಾ: ನಿನ್ನ ಪಿಡಿಎಫ್‌ನಲ್ಲೇ ಕೆಳಗೆ ಇಳಿ. ನಿವ್ವಳ ನಷ್ಟದಿಂದ ಶುರುವಾಗಿ ನಿನ್ನ ಮೆಚ್ಚಿನ ಅಂಕಿಗೆ ಬರುವ ಕೋಷ್ಟಕ ಇದೆ. ಅಲ್ಲಿ ಸಿಇಸಿಎಲ್ ಅಂತ ಒಂದು ಸಾಲು. ಸಾಲ ತೀರುವವರೆಗೆ ಎಷ್ಟು ಮುಳುಗಬಹುದು ಅಂತ ಮೊದಲೇ ಎತ್ತಿಡುವ ಮೊತ್ತ ಅದು. ದೊಡ್ಡ ಕಂಪನಿಗಳಿಗೆ 2020ರಿಂದ ಈ ನಿಯಮ. ಆ ಮೊತ್ತವನ್ನು ವಾಪಸ್ ಕೂಡಿದ್ದಾರೆ, ನಷ್ಟ ಇನ್ನೂ ಕೈಗೆ ಬಂದಿಲ್ಲ ಅಂತ. ನಾಳೆ ಸಾಲ ಇತ್ಯರ್ಥ ಆದ ದಿನ ನಷ್ಟ ಒಂದೇ ಸಲ ಬೀಳುತ್ತದೆ.

ರಘು: ಅವರೇ ತೋರಿಸಿದ್ದಾರಲ್ಲ? ಮೋಸ ಅಂತ ಹೇಗೆ ಹೇಳುತ್ತೀಯ?

ಸವಿತಾ: ಮೋಸ ಅಂದವರು ಯಾರು? ನೀನು ಮೊದಲ ಪುಟಕ್ಕೇ ನಿಂತೆ ಅಂದೆ, ಅಷ್ಟೇ.

ರಘು: ಸರಿ, ಸಾಲ ಕಟ್ಟಡದ ಬೆಲೆಯ ಮೂರನೇ ಎರಡು ಭಾಗವೂ ಇಲ್ಲ. ಮಾರಿದರೂ ದುಡ್ಡು ಬರುತ್ತದೆ. ಇದಕ್ಕೇನು ಹೇಳುತ್ತೀಯ?

ಸುರೇಶ: ಬೆಳಗಿಂದ ಸುಮ್ನೆ ಓದುತ್ತಿದ್ದೆ, ಇನ್ನು ಆಗಲ್ಲ. ಅದರ ಪಕ್ಕ ಒಂದು ಪುಟ್ಟ ಗುರುತು ಇದೆ, ನೋಡು. ಆ ಬೆಲೆ ಸಾಲ ಕೊಟ್ಟ ದಿನದ್ದು. ಆಫೀಸು ಕಟ್ಟಡಕ್ಕೆ 2021ರಲ್ಲಿ ಕಟ್ಟಿದ ಬೆಲೆ ಈಗ ಯಾರು ಕೊಡುತ್ತಾರೆ? 2022ರಿಂದ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡ್ ಬಡ್ಡಿ ಏರಿಸಿತು. ಇವು ಹೆಚ್ಚಿನವು ಫ್ಲೋಟಿಂಗ್ ಸಾಲ, ಪೇಟೆ ದರದ ಜೊತೆ ಬಡ್ಡಿ ಏರಿಳಿಯುತ್ತದೆ. ಬಡ್ಡಿ ಏರಿದಾಗ ರೀಟ್‌ಗೆ ಮೊದಲು ಹಬ್ಬ. ಆಮೇಲೆ ಬಡ್ಡಿ ಕಟ್ಟುವವನು ಸುಸ್ತು.

ರಘು: ಹಾಗಾದರೆ ಏನು ನೋಡಬೇಕು, ಹೇಳಿಬಿಡಿ ಪಂಡಿತರೇ.

ಸವಿತಾ: ರಿಸ್ಕ್ ರೇಟಿಂಗ್. ಪ್ರತಿ ಸಾಲಕ್ಕೂ ಇವರು ಕೊಡುವ ಅಂಕ, 1ರಿಂದ 5. 5 ಅಂದರೆ ಮುಳುಗುವ ಲಕ್ಷಣ. ಹೋದ ಕ್ವಾರ್ಟರ್‌ದು ಪಕ್ಕದಲ್ಲಿಟ್ಟು ಯಾವುದು ಜಾರಿದೆ ನೋಡು. ಆಮೇಲೆ ಬಡ್ಡಿ ನಗದಾಗಿ ಬರುತ್ತಿದೆಯೋ, ಅಸಲಿಗೆ ಸೇರಿಸುತ್ತಿದ್ದಾರೋ ಅಂತ. ಅಸಲಿಗೆ ಸೇರಿದ್ದೂ ಆದಾಯ ಅಂತ ಬರೆಯಬಹುದು. ಅದರಿಂದ ಡಿವಿಡೆಂಡ್ ಕೊಡೋಕಾಗಲ್ಲ.

ನಾಗರಾಜ: ರಘು ಆಫ್‌ಲೈನ್ ಹೋದ. ಓದುತ್ತಿದ್ದಾನೆ ಅನ್ನಿಸುತ್ತದೆ.

ರಘು: ನೋಡಿದೆ. 3ರಲ್ಲಿದ್ದ ಒಂದು ಆಫೀಸು ಸಾಲ 5ಕ್ಕೆ ಬಂದಿದೆ. ಎರಡು ಸಲ ಅವಧಿ ವಿಸ್ತರಿಸಿದ್ದಾರೆ. ಬಡ್ಡಿಯ ಒಂದು ಭಾಗ ಅಸಲಿಗೆ ಹೋಗುತ್ತಿದೆ.

ಸವಿತಾ: 🙂

ರಘು: ಆದರೂ ಈಗ ಮಾರಲ್ಲ. ಇನ್ನೊಂದು ಕ್ವಾರ್ಟರ್ ನೋಡುತ್ತೇನೆ.

ನಾಗರಾಜ: ನೀನೂ ಅವಧಿ ವಿಸ್ತರಿಸಿದೆಯಲ್ಲೋ!